ಅಮ್ಮನ ಎಪ್ಪತ್ತಕ್ಕೆ ಹವಾನಾ

ನಾಟಕ ಹನ್ನೊಂದೇ ಪ್ರಯೋಗಕ್ಕೆ ಮಕಾಡೆ ಮಲಗಿತು. ಸಾವಿರದ ಒಂಬೈನೂರ ಐವತ್ತರ ದಶಕದ ಕ್ಯೂಬಾ, ಹವಾನಾದ ಒಂದು ಹೋಟೆಲು, ಅಲ್ಲಿಗೆ ಬಂದುಹೋಗುವ ಹಾಡುಗಾರರು, ಜೂಜುಕೋರರು. ಕಥೆ ಕೇಳಲು ಚೆನ್ನಾಗಿತ್ತು, ನೋಡಲು ಯಾರೂ ಬರಲಿಲ್ಲ. ಕೊನೆಯ ದಿನ ಮುಂದಿನ ಎರಡು ಸಾಲಿನಲ್ಲಿ ಕೂತಿದ್ದವರೆಲ್ಲ ನಟರ ನೆಂಟರೇ.

ಆ ರಂಗಮಂದಿರದ ಉಡುಪಿನ ಕೋಣೆ ಅಕ್ಕನ ಸುಪರ್ದಿಯಲ್ಲಿತ್ತು. ಮನೆಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ತಮ್ಮ ತೊದಲು ಮಾತಾಡುವಾಗ ಶುರುವಾದ ಹೆಸರು, ಅವಳಿಗಿಂತ ನಾಲ್ಕು ವರ್ಷ ಹಿರಿಯನಾದ ದೊಡ್ಡಣ್ಣನ ಬಾಯಲ್ಲೂ ಹಾಗೇ ಉಳಿದುಬಿಟ್ಟಿತ್ತು. ಈ ನಾಟಕಕ್ಕಾಗಿ ಅವಳು ಮೂರು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದುಡಿದಿದ್ದಳು. ನಾಲ್ಕು ಜೇಬಿನ, ಎದೆಯ ಮೇಲೆ ಸಣ್ಣ ನೆರಿಗೆ ಇಳಿದ ಕ್ಯೂಬಾದ ಬಿಳಿ ಅಂಗಿಗಳು, ಸೊಂಟದಿಂದ ಕೊಡೆಯಂತೆ ಬಿಚ್ಚಿಕೊಳ್ಳುವ ಹೂವಿನ ಫ್ರಾಕುಗಳು, ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಹಳೆಯದಾಗಿಸಿದ ಲಿನನ್ ಕೋಟುಗಳು. ಪತ್ರಿಕೆಯಲ್ಲಿ ಬಂದ ಒಂದೇ ಒಂದು ವಿಮರ್ಶೆ ನಾಟಕವನ್ನು ಬೈದಿತ್ತು. ಉಡುಪಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಬೈಗುಳವಾದರೂ ಇದ್ದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

"ತಿಂಗಳ ಕೊನೆಗೆ ಎಲ್ಲ ಬಿಚ್ಚಿ ಬೇರೆ ನಾಟಕಕ್ಕೆ ಬಳಸ್ಕೋಬೇಕು," ಎಂದ ಮ್ಯಾನೇಜರು. "ಅಲ್ಲೀವರೆಗೆ ನಿಮ್ಮ ಹತ್ರಾನೇ ಇರ್ಲಿ. ರಂಗದ ಆ ಬಣ್ಣದ ಗೋಡೆಗಳೂ ಅಷ್ಟೇ. ಗೋದಾಮಿನಲ್ಲಿ ಕಾಲಿಡೋಕೆ ಜಾಗ ಇಲ್ಲ."

ಆ ತಿಂಗಳ ಮೂರನೆಯ ಭಾನುವಾರ ಅಮ್ಮನಿಗೆ ಎಪ್ಪತ್ತು ತುಂಬುವುದಿತ್ತು. ಅಮ್ಮ ಇದ್ದದ್ದು ಅಕ್ಕನ ಜೊತೆಯಲ್ಲೇ. ಎಲ್ಲರನ್ನೂ ಕರೆದು ಏನಾದರೂ ಮಾಡಬೇಕೆಂದು ಮೊದಲೇ ಮಾತಾಗಿತ್ತು. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಅಕ್ಕನ ತಲೆಯಲ್ಲಿ ಪೂರ್ತಿ ಚಿತ್ರ ಸಿದ್ಧವಾಗಿತ್ತು. ನಡುಮನೆಯೇ ಹವಾನಾ. ಬಂದವರೆಲ್ಲ ಅವಳು ಹೊಲಿದ ಬಟ್ಟೆಯಲ್ಲಿ. ಕೈಯಲ್ಲಿ ಆ ಕಾಲದ ಕಾಕ್‌ಟೇಲು. ಜಗತ್ತು ನೋಡದಿದ್ದರೆ ಹೋಗಲಿ, ಮನೆಯವರಾದರೂ ಒಂದು ಸಲ ನೋಡಲಿ.

ಗಂಡ ಕನ್ನಡಕದಂಗಡಿಯವನು, ಯಾವುದಕ್ಕೂ ತಲೆಬಿಸಿ ಮಾಡಿಕೊಳ್ಳುವವನಲ್ಲ. ಆದರೂ ಒಂದು ಮಾತು ಕೇಳಿದ.

"ನಿನ್ನ ತಮ್ಮ ಬರ್ತಾನಲ್ವಾ? ಕಾಕ್‌ಟೇಲ್ ಅಂತೀಯ."

"ಅವನಿಗೆ ಬೇರೆ ಮಾಡ್ತೀನಿ ಬಿಡಿ," ಎಂದಳು ಅಕ್ಕ.

ತಮ್ಮ ಲಿಫ್ಟ್ ಮೆಕ್ಯಾನಿಕ್. ಒಂದು ಕಾಲಕ್ಕೆ ಅವನಿಗೆ ಮನೆಯಲ್ಲಿ ರೇಡಿಯೋ ಎಂದೇ ಅಡ್ಡಹೆಸರು. ಒಂದು ಗ್ಲಾಸು ಒಳಗೆ ಹೋದರೆ ಹಾಡು, ಎರಡಕ್ಕೆ ನಕಲು, ಮೂರಕ್ಕೆ ಅಮ್ಮನ ಕೈಹಿಡಿದು ಕುಣಿತ. ನಕ್ಕು ನಕ್ಕು ಎಲ್ಲರ ಹೊಟ್ಟೆ ಹುಣ್ಣಾಗುತ್ತಿತ್ತು. ಅಮ್ಮನಿಗೆ ಗೊತ್ತಿದ್ದದ್ದು ಆ ಮೂರನೆಯ ಗ್ಲಾಸಿನವರೆಗಿನ ಮಗ. ನಾಲ್ಕನೆಯದರಿಂದ ಮುಂದಿನವನನ್ನು ಕಂಡವರು ಅವನ ಹೆಂಡತಿ ಮತ್ತು ಅಕ್ಕ. ಬಚ್ಚಲಲ್ಲಿ ಬಿದ್ದು ಹುಬ್ಬು ಒಡೆದುಕೊಂಡದ್ದು, ಹೆಂಡತಿಯ ಮೇಲೆ ಕುರ್ಚಿ ಎತ್ತಿದ್ದು, ಒಂದು ದಿನ ಎರಡನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿಟ್ಟು ಅಡ್ಡಗಂಬಿ ಇಡಲು ಮರೆತದ್ದು. ಯಾರೋ ಒಬ್ಬಾಕೆ ಮೊಬೈಲು ನೋಡುತ್ತ ಆ ಖಾಲಿ ಬಾವಿಯೊಳಗೆ ಕಾಲಿಡುವಷ್ಟರಲ್ಲಿ ಪಕ್ಕದವರು ಹಿಂದಿನಿಂದ ಕೋಟು ಹಿಡಿದೆಳೆದರು. ಅವತ್ತೇ ಅವನ ಕೆಲಸ ಹೋಯಿತು. ಹೆಂಡತಿ ತವರಿಗೆ ಹೋದಳು. ಅಮ್ಮನಿಗೆ ಮಾತ್ರ ಅಕ್ಕ, "ಕಂಪನಿಯಲ್ಲಿ ಏನೋ ಜಗಳ ಅಂತೆ. ಅವಳು ತಾಯಿಗೆ ಹುಷಾರಿಲ್ಲ ಅಂತ ಹೋಗಿದಾಳೆ," ಎಂದು ತೇಪೆ ಹಚ್ಚಿದಳು. ವಯಸ್ಸಾದವಳು, ಯಾಕೆ ನೋಯಿಸಬೇಕು ಎಂದುಕೊಂಡಿದ್ದಳು.

ಅದಾಗಿ ತಮ್ಮ ಚಿಕಿತ್ಸೆಗೆ ಸೇರಿದ. ಕುಡಿತ ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಹೆಂಡತಿಗೆ ಇಷ್ಟವಿಲ್ಲ ಎಂದು ಬಿಟ್ಟಿದ್ದಾನೆ ಎಂದಷ್ಟೇ ಅಮ್ಮನಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಉಸಿರು ಊದಿ ಪರೀಕ್ಷೆ ಕೊಟ್ಟೇ ಕೆಲಸಕ್ಕೆ ಇಳಿಯಬೇಕೆಂಬ ಷರತ್ತಿನ ಮೇಲೆ ಕಂಪನಿ ಅವನನ್ನು ವಾಪಸು ತೆಗೆದುಕೊಂಡಿತ್ತು. ಹೆಂಡತಿ ಮೂರು ತಿಂಗಳ ಹಿಂದೆ ಹಿಂತಿರುಗಿದ್ದಳು. ಅವಳಿಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಮಾತು ಕಡಿಮೆ, ಕಣ್ಣು ಚುರುಕು.

ಪಾರ್ಟಿಯ ವಿಷಯ ಕಿವಿಗೆ ಬಿದ್ದ ದಿನವೇ ಅವಳು ಅಕ್ಕನಿಗೆ ಫೋನ್ ಮಾಡಿದಳು.

"ಅಕ್ಕಾ, ಅಲಂಕಾರ, ಬಟ್ಟೆ ಎಲ್ಲ ಮಾಡಿ. ಕುಡಿಯೋದೊಂದು ಬೇಡ. ಎಲ್ಲರಿಗೂ ಜ್ಯೂಸೇ ಇಡಿ."

"ಕಾಕ್‌ಟೇಲ್ ಪಾರ್ಟೀಲಿ ಜ್ಯೂಸ್ ಇಟ್ರೆ ಅದೇನು ಚೆನ್ನ ಹೇಳು? ದೊಡ್ಡಣ್ಣ ಬಾಗಿಲಿಂದಲೇ ವಾಪಸ್ ಹೋಗ್ತಾನೆ," ಎಂದು ಅಕ್ಕ ನಕ್ಕಳು.

"ಹೋಗ್ಲಿ ಬಿಡಿ."

"ನಿನ್ನ ಗಂಡನ ಗ್ಲಾಸು ನನ್ನ ಜವಾಬ್ದಾರಿ. ಆಯ್ತಾ? ನನ್ನ ಕೈಯಾರೆ ಮಾಡಿ, ನನ್ನ ಕೈಯಾರೆ ಕೊಡ್ತೀನಿ."

"ಸರಿ ಅಕ್ಕಾ," ಎಂದು ಫೋನಿಟ್ಟಳು.

ಆ ಭಾನುವಾರ ಮಧ್ಯಾಹ್ನದ ಹೊತ್ತಿಗೆ ನಡುಮನೆಯ ಗುರುತೇ ಸಿಗುತ್ತಿರಲಿಲ್ಲ. ರಂಗದ ಗೋಡೆಗಳು ಸೋಫಾದ ಹಿಂದೆ ನಿಂತಿದ್ದವು. ಸಿಪ್ಪೆ ಎದ್ದ ಹಳದಿ, ನೀಲಿ, ಗುಲಾಬಿ ಬಣ್ಣ, ಮರದ ಪಟ್ಟಿಗಳ ಎತ್ತರದ ಬಾಗಿಲು, ಅದರ ಪಕ್ಕ ರಟ್ಟಿನಲ್ಲಿ ಮಾಡಿದ ಹಳೆಯ ಅಮೆರಿಕನ್ ಕಾರಿನ ಮೂತಿ. ಮೂಲೆಯಲ್ಲಿ ಡಾಮಿನೋ ಆಟದ ಚೌಕ ಮೇಜು, ಜೋಡಿ ಬೊಂಗೊ ಡೋಲು. ತಟ್ಟೆಗಳಲ್ಲಿ ಬಾಳೆಕಾಯಿ ಜಜ್ಜಿ ಎರಡು ಸಲ ಕರಿದ ಬಿಲ್ಲೆಗಳು. ಗಂಡ ಟೇಪ್ ರೆಕಾರ್ಡರಿಗೆ ನಾಟಕದ ಸಂಗೀತ ಹಾಕಿ, ತುತ್ತೂರಿ ಜೋರಾದಾಗಲೆಲ್ಲ ಸಣ್ಣಗೆ ಮಾಡುತ್ತ ಕೂತಿದ್ದ.

ಊಟದ ಮೇಜೇ ಬಾರು. ಬಿಳಿ ರಮ್ಮು, ನಿಂಬೆ, ಪುದೀನ, ಸಕ್ಕರೆ, ಕೋಲಾ, ಪುಡಿಮಾಡಿದ ಮಂಜುಗಡ್ಡೆ. ಅಲ್ಲಿಂದ ದೂರ, ಕಿಟಕಿಯ ಪಕ್ಕದ ಪುಟ್ಟ ಮೇಜಿನ ಮೇಲೆ ಅಕ್ಕ ಬೇರೊಂದು ಜಗ್ಗು ಇಟ್ಟಳು. ಅದೇ ನಿಂಬೆ, ಅದೇ ಪುದೀನ, ಸೋಡಾ. ರಮ್ಮು ಮಾತ್ರ ಇಲ್ಲ. ಗೊಂದಲವಾಗಬಾರದೆಂದು ಜಗ್ಗಿನ ಕುತ್ತಿಗೆಗೆ ಬಿಳಿ ಟೇಪು ಸುತ್ತಿದಳು. ಅದರ ಪಕ್ಕದ ಬೆತ್ತದ ಕುರ್ಚಿಯಲ್ಲಿ ಅಮ್ಮನನ್ನು ಕೂರಿಸಿದಳು. ಅಮ್ಮ ಕುಡಿಯುವವಳಲ್ಲ. ಜಗ್ಗಿಗೆ ಕಾವಲೂ ಆಯಿತು, ಅಮ್ಮನಿಗೆ ಗಾಳಿಯೂ ಆಯಿತು ಎಂದುಕೊಂಡಳು.

"ಇದು ತಮ್ಮನದು ಅಮ್ಮಾ. ಬೇರೆಯವರು ಮುಟ್ಟದ ಹಾಗೆ ನೋಡ್ಕೋ."

"ಅವನೇನು ಮಗೂನಾ?" ಎಂದಳು ಅಮ್ಮ. ಅವಳಿಗೆ ಅಕ್ಕ ದಂತದ ಬಣ್ಣದ ಲೇಸಿನ ಶಾಲು ಹೊದಿಸಿ, ಕಿವಿಯ ಪಕ್ಕ ಬಟ್ಟೆಯ ಹೂವೊಂದನ್ನು ಸಿಕ್ಕಿಸಿದ್ದಳು. ಕನ್ನಡಿಯಲ್ಲಿ ನೋಡಿಕೊಂಡು ಅಮ್ಮ, "ಈ ವಯಸ್ಸಿಗೆ ವೇಷ ಬೇರೆ," ಎಂದು ಗೊಣಗಿದರೂ ಹೂವನ್ನು ತೆಗೆಯಲಿಲ್ಲ.

ನಾಲ್ಕು ಗಂಟೆಗೆ ದೊಡ್ಡಣ್ಣ ಬಂದ. ಡ್ರೈವಿಂಗ್ ಸ್ಕೂಲು ನಡೆಸುವವನು. ಇಡೀ ದಿನ ಪಕ್ಕದಲ್ಲಿ ಕೂತು "ಬ್ರೇಕು, ಬ್ರೇಕು" ಎಂದು ಕಿರುಚಿ ಗಂಟಲು ದಪ್ಪವಾಗಿತ್ತು. ಅತ್ತಿಗೆಗೆ ನೆಗಡಿಯೆಂದು ಒಬ್ಬನೇ ಬಂದಿದ್ದ. ನಾಲ್ಕು ಜೇಬಿನ ಅಂಗಿ ಹಾಕಿಕೊಂಡು, ಹುಲ್ಲಿನ ಟೋಪಿಯನ್ನು ಒಂದು ಕಣ್ಣಿನ ಮೇಲೆ ಎಳೆದುಕೊಂಡು, ಬಾರಿನ ಉಸ್ತುವಾರಿಯನ್ನು ತಾನೇ ವಹಿಸಿಕೊಂಡ.

"ಅಕ್ಕಾ, ಈ ಅಂಗಿ ಕೊಡಲ್ಲ ನಾನು. ಜೇಬು ನೋಡು, ಒಂದರಲ್ಲಿ ಲೈಸೆನ್ಸು, ಒಂದರಲ್ಲಿ ಕನ್ನಡಕ, ಒಂದರಲ್ಲಿ ಬಿಪಿ ಮಾತ್ರೆ. ಇನ್ನೊಂದರಲ್ಲಿ ಹೆಂಡತಿ ಭಯ."

ಅಕ್ಕನಿಗೆ ಖುಷಿಯೋ ಖುಷಿ. ಪಕ್ಕದ ಮನೆಯ ದಂಪತಿ, ಅಮ್ಮನ ಹಳೆಯ ಗೆಳತಿಯರಿಬ್ಬರು, ಎಲ್ಲರೂ ಬಂದು ಬಾಗಿಲಲ್ಲೇ ನಿಂತು ಬಾಯಿ ತೆರೆದರು. "ಇದೆಲ್ಲ ನೀನೇ ಹೊಲಿದಿದ್ದಾ?" ಎಂದು ಗೆಳತಿಯೊಬ್ಬಳು ಫ್ರಾಕಿನ ಅಂಚನ್ನು ತಿರುವಿ ಹೊಲಿಗೆ ನೋಡಿದಾಗ ಅಕ್ಕನ ಮುಖ ಊರಗಲವಾಯಿತು.

ಕೊನೆಗೆ ತಮ್ಮ ಮತ್ತು ಅವನ ಹೆಂಡತಿ ಬಂದರು. ಲಿನನ್ ಕೋಟು ಅವನಿಗೆ ಅಳತೆ ತೆಗೆದು ಹೊಲಿದ ಹಾಗೆ ಕೂತಿತು. ಆದರೆ ಅದರೊಳಗಿದ್ದವನು ಯಾರದೋ ಮನೆಗೆ ಲಿಫ್ಟು ನೋಡಲು ಬಂದವನಂತಿದ್ದ. ಗೋಡೆಗೆ ಬೆನ್ನು ಕೊಟ್ಟು ನಿಂತ. ಕೇಳಿದ್ದಕ್ಕೆ ಉತ್ತರ ಕೊಟ್ಟ. ಅಕ್ಕ ಬಿಳಿ ಟೇಪಿನ ಜಗ್ಗಿನಿಂದ ಮೊದಲ ಗ್ಲಾಸು ತುಂಬಿ ಅವನ ಕೈಗಿಟ್ಟಳು. ಅವನ ಹೆಂಡತಿ ಅದನ್ನು ಒಮ್ಮೆ ಮೂಸಿ ನೋಡಿ ವಾಪಸು ಕೊಟ್ಟಳು. ಎಲ್ಲರ ಎದುರಿಗೆ. ತಮ್ಮ ಏನೂ ಅನ್ನದೆ ಕುಡಿದ.

ಅಮ್ಮ ಕಿಟಕಿಯ ಪಕ್ಕದಿಂದ ಇದನ್ನೆಲ್ಲ ನೋಡುತ್ತಿದ್ದಳು.

"ಏನೋ, ಒಂದು ಹಾಡು ಹೇಳೋ," ಎಂದಳು.

"ಗಂಟಲು ಸರಿ ಇಲ್ಲಮ್ಮ."

"ನಿಂಗೆ ಯಾವತ್ತು ಸರಿ ಇರತ್ತೆ ಈಗ," ಎಂದು ಅವಳು ಕಿಟಕಿಯತ್ತ ತಿರುಗಿದಳು.

ಮುಂದಿನ ಅರ್ಧ ಗಂಟೆ ಅಕ್ಕ ಅಡುಗೆಮನೆ ಮತ್ತು ನಡುಮನೆಯ ನಡುವೆ ಬುಗುರಿಯಂತೆ ತಿರುಗಿದಳು. ಮಂಜುಗಡ್ಡೆ ಕರಗುತ್ತಿತ್ತು. ಬಾಳೆಕಾಯಿ ಇನ್ನೊಂದು ಒಬ್ಬೆ ಕರಿಯಬೇಕಿತ್ತು. ತಮ್ಮನ ಹೆಂಡತಿ, "ಕೊಡಿ ಅಕ್ಕಾ, ನಾನು ಕರೀತೀನಿ," ಎಂದು ಒಲೆಯ ಮುಂದೆ ನಿಂತಳು. ತಮ್ಮನ ಗ್ಲಾಸು ಖಾಲಿಯಾಗಿದೆಯೇ ಎಂದು ನೋಡಲು ಅಕ್ಕ ಒಂದು ಸಲ ಬಾಗಿಲಿಗೆ ಬಂದಳು. ಅಮ್ಮ ತಾನೇ ಎದ್ದು ಅವನಿಗೆ ಎರಡನೆಯ ಗ್ಲಾಸು ಕೊಡುತ್ತಿದ್ದಳು. ಅಕ್ಕ ಸಮಾಧಾನದಿಂದ ಅಡುಗೆಮನೆಯ ಕಡೆಗೆ ತಿರುಗಿದಳು. ನನ್ನ ಕೈಯಾರೆ ಕೊಡ್ತೀನಿ ಎಂದು ತಾನು ಹೇಳಿದ್ದ ಮಾತು ಆಗ ಅವಳಿಗೆ ನೆನಪಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಬೊಂಗೊ ಕೇಳಿಸಿತು. ಮೊದಲು ಬೆರಳ ತುದಿಯಲ್ಲಿ, ಆಮೇಲೆ ಅಂಗೈಯಲ್ಲಿ. ಅಕ್ಕ ಓಡಿ ಬಂದಳು. ತಮ್ಮ ಡಾಮಿನೋ ಮೇಜಿನ ಅಂಚಿಗೆ ಕೂತು, ಡೋಲನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಬಾರಿಸುತ್ತಿದ್ದ. ತುತ್ತೂರಿಯ ಜೊತೆ ಬಾಯಿಗೆ ಬಂದ ಅರ್ಥವಿಲ್ಲದ ಪದಗಳನ್ನು ಸ್ಪ್ಯಾನಿಷಿನ ಧಾಟಿಯಲ್ಲಿ ಹಾಡುತ್ತಿದ್ದ. ಪಕ್ಕದ ಮನೆಯವರ ನಡಿಗೆಯ ನಕಲು ಮಾಡಿದ. ದೊಡ್ಡಣ್ಣನ "ಬ್ರೇಕು, ಬ್ರೇಕು" ನಕಲು ಮಾಡಿದ. ಅಮ್ಮನ ಗೆಳತಿಯರು ಕಣ್ಣೀರು ಬರುವಂತೆ ನಕ್ಕರು. ಹಾಡಿನ ನಡುವೆ ಎದ್ದು ಬಾರಿನ ಮೇಜಿಗೆ ಹೋಗಿ, ಕೈಗೆ ಸಿಕ್ಕ ಗ್ಲಾಸೊಂದನ್ನು ಎತ್ತಿ ಒಂದೇ ಗುಟುಕಿಗೆ ಮುಗಿಸಿ ಹಿಂತಿರುಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಸದ್ದಿನಲ್ಲಿ, ಆ ಬಣ್ಣದಲ್ಲಿ, ಕೋಟಿನ ತೋಳು ಮಡಿಸಿಕೊಂಡು ನಿಂತ ಅವನನ್ನು ನೋಡಿ ಅಕ್ಕನೂ ಮೈಮರೆತಳು. ನನ್ನ ಪಾರ್ಟಿ ಅವನಿಗೆ ಜೀವ ತಂದಿತು ಎಂದುಕೊಂಡಳು. ಅಮ್ಮ ಹೂವು ಜಾರಿದ್ದೂ ತಿಳಿಯದೆ ನಗುತ್ತಿದ್ದಳು.

ಬಾಣಲೆ ಇಳಿಸಿ ತಮ್ಮನ ಹೆಂಡತಿ ಬಾಗಿಲಿಗೆ ಬಂದಳು. ಅವಳು ಕ್ಷಣಮಾತ್ರ ನೋಡಿದಳು. ಮೂಸುವ ಅಗತ್ಯವೇ ಬೀಳಲಿಲ್ಲ. ನೆಟ್ಟಗೆ ಹೋಗಿ ಗಂಡನ ಎದುರು ನಿಂತಳು. ಅವನ ಕೈ ಡೋಲಿನ ಮೇಲೇ ನಿಂತುಬಿಟ್ಟಿತು.

"ಎಷ್ಟು?" ಎಂದಳು.

ಅವಳು ಒಳಕೋಣೆಗೆ ಹೋಗಿ, ಅಕ್ಕ ತೊಡಿಸಿದ್ದ ಫ್ರಾಕು ಬಿಚ್ಚಿ ಮಡಿಸಿ ಹಾಸಿಗೆಯ ಮೇಲಿಟ್ಟು, ತನ್ನ ಬಟ್ಟೆ ಹಾಕಿಕೊಂಡು, ಚೀಲ ಹಿಡಿದು ಹೊರಬಂದಳು. ಅಕ್ಕ ದಾರಿಗೆ ಅಡ್ಡ ನಿಂತಳು.

"ಒಂದು ನಿಮಿಷ ನಿಲ್ಲು ಮಾರಾಯ್ತಿ. ಏನಾಯ್ತು ಅಂತ ನನಗೇ ಗೊತ್ತಿಲ್ಲ."

"ಗೊತ್ತಾಗೋದು ಬೇಕಿರಲಿಲ್ಲ ಅಕ್ಕಾ ನಿಮಗೆ," ಎಂದು ಅವಳು ಚಪ್ಪಲಿ ಮೆಟ್ಟಿದಳು. ತಮ್ಮ ಕೋಟಿನಲ್ಲೇ ಅವಳ ಹಿಂದೆ ಮೆಟ್ಟಿಲಿಳಿದ. ಅವಳು ಆಟೋ ಹತ್ತಿದ್ದು, ಅವನು ಹತ್ತದೆ ಅದರ ವಿರುದ್ಧ ದಿಕ್ಕಿಗೆ ನಡೆದದ್ದು ಕಿಟಕಿಯಿಂದ ಎಲ್ಲರಿಗೂ ಕಂಡಿತು. ಇನ್ನೂ ಬೆಳಕಿತ್ತು.

ಹೊರಗಿನವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಉಳಿದದ್ದು ಮನೆಯವರು. ಅಕ್ಕ ದೊಡ್ಡಣ್ಣನ ಮೇಲೆ ಹರಿಹಾಯ್ದಳು.

"ನಿನ್ನ ತಮಾಷೆಗೆ ಬೆಂಕಿ ಹಾಕ. ಅವನ ಜಗ್ಗಿಗೆ ಸುರಿದೆಯಲ್ಲ!"

"ನಾನಾ? ತಲೆ ನೆಟ್ಟಗಿದೆಯಾ ನಿಂಗೆ?"

"ಬಾಟಲಿ ಯಾರ ಕೈಲಿತ್ತು? ಮೊದಲಿಂದಲೂ ನೀನೇ ತಾನೆ, ಒಂದೇ ಒಂದು ಹಾಕ್ಕೋ, ಏನಾಗತ್ತೆ ಅಂತಿದ್ದದ್ದು?"

ದೊಡ್ಡಣ್ಣ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಅವನ ಮುಖ ಕಪ್ಪಿಟ್ಟಿತ್ತು. "ಅಂತಿದ್ದೆ. ಯಾವಾಗ? ಮೂರು ವರ್ಷದ ಹಿಂದೆ. ಅವನನ್ನ ಚಿಕಿತ್ಸೆಗೆ ಸೇರಿಸಿದಾಗ ವಾರಕ್ಕೆರಡು ಸಲ ಅಷ್ಟು ದೂರ ಕಾರಲ್ಲಿ ಕರ್ಕೊಂಡು ಹೋಗ್ತಿದ್ದದ್ದು ಯಾರು? ನೀನಾ? ನಾನು ಜಗ್ಗಿನ ಹತ್ರಕ್ಕೂ ಹೋಗಿಲ್ಲ. ಅಮ್ಮ ಒಂದು ಸಣ್ಣ ಗ್ಲಾಸು ಕೇಳಿದ್ಲು, ಕೊಟ್ಟೆ. ಅಷ್ಟೇ."

"ಅಮ್ಮನಾ?"

"ಎಪ್ಪತ್ತಾಯ್ತು, ರುಚಿ ನೋಡ್ತೀನಿ, ಏನೂ ಬೆರೆಸಬೇಡ ಅಂದ್ಲು. ನಂಗೂ ನಗು ಬಂತು. ಸಾಲಲ್ಲ ಅಂತ ಅದಕ್ಕೇ ಇನ್ನಷ್ಟು ಹಾಕಿಸ್ಕೊಂಡ್ಲು."

ಇಬ್ಬರೂ ಕಿಟಕಿಯತ್ತ ತಿರುಗಿದರು. ಅಮ್ಮ ಶಾಲಿನ ಲೇಸನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಹೌದು, ಹಾಕಿದೆ," ಎಂದಳು. "ವಿಷ ಹಾಕಿದ್ನಾ? ಹೆತ್ತವಳು ನಾನು. ಬಂದಾಗಿನಿಂದ ಕಲ್ಲಿನ ಹಾಗೆ ನಿಂತಿದ್ದ. ಹೆಂಡತಿ ಗ್ಲಾಸು ಮೂಸಿ ಕೊಡ್ತಾಳೆ, ಇವನು ಬಾಯಿ ಮುಚ್ಕೊಂಡು ಕುಡೀತಾನೆ. ಅದು ಬದುಕೇನೇ? ಒಂದು ವರ್ಷದಿಂದ ಅವನು ನಕ್ಕಿದ್ದು ನಾನು ನೋಡಿಲ್ಲ. ಇವತ್ತು ಒಂದು ದಿನ, ನನ್ನ ದಿನ, ಅವನು ನಗ್ಲಿ ಅಂತ ಹಾಕಿದೆ. ನಕ್ಕ ತಾನೆ? ನೀವೆಲ್ಲ ನಗಲಿಲ್ವಾ?"

"ಅಮ್ಮಾ, ಅವನು ಕುಡಿದ್ರೆ ಏನಾಗ್ತಾನೆ ಗೊತ್ತಾ ನಿಂಗೆ? ಅವನು ಅವಳ ಮೇಲೆ ಕುರ್ಚಿ..." ಅಕ್ಕನ ಮಾತು ಅಲ್ಲಿಗೇ ನಿಂತಿತು.

"ಏನಾಗ್ತಾನೆ? ನೀನು ಯಾವತ್ತಾದ್ರೂ ಹೇಳಿದೀಯಾ ನಂಗೆ?"

ಅಕ್ಕ ಆಗ ಹೇಳಿದಳು. ಹುಬ್ಬು ಒಡೆದದ್ದು, ಕುರ್ಚಿ, ತೆರೆದ ಬಾಗಿಲು, ಕೋಟು ಹಿಡಿದೆಳೆದದ್ದು, ಎಲ್ಲವನ್ನೂ. ಅಮ್ಮ ಕೇಳುತ್ತ ಕೂತಳು. ಕೊನೆಗೆ, "ಸುಳ್ಳು," ಎಂದಳು. "ನಿನ್ನ ತಪ್ಪು ಮುಚ್ಚಿಕೊಳ್ಳೋಕೆ ಹೇಳ್ತಿದೀಯ. ಬಾಟಲಿ ಮನೆಗೆ ತಂದವಳು ನೀನು." ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ದೊಡ್ಡಣ್ಣ ನಾಲ್ಕು ಜೇಬಿನ ಅಂಗಿ ಬಿಚ್ಚಿ, ಕನ್ನಡಕ, ಮಾತ್ರೆ ಎಲ್ಲ ತೆಗೆದುಕೊಂಡು ತನ್ನ ಅಂಗಿ ಹಾಕಿಕೊಂಡ. ಹೋಗುವಾಗ ಅಕ್ಕನಿಗೆ ಹೋಗಿಬರ್ತೀನಿ ಎನ್ನಲಿಲ್ಲ. "ಅವನನ್ನ ಹುಡುಕ್ತೀನಿ," ಎಂದು ಅವಳ ಗಂಡನಿಗೆ ಹೇಳಿದ.

ದೊಡ್ಡಣ್ಣನಿಗೆ ಅವನು ಸಿಕ್ಕಿದ್ದು ಮಂಗಳವಾರ, ಬಸ್ ನಿಲ್ದಾಣದ ಹಿಂದಿನ ಲಾಡ್ಜಿನಲ್ಲಿ. ಸೋಮವಾರ ಬೆಳಿಗ್ಗೆ ಕಂಪನಿಯ ಗೇಟಿನವರೆಗೆ ಹೋಗಿ, ಊದುವ ಯಂತ್ರದ ಮುಂದಿನ ಸಾಲು ನೋಡಿ ವಾಪಸು ಬಂದಿದ್ದನಂತೆ. ಮತ್ತೆ ಚಿಕಿತ್ಸೆ, ಮತ್ತೆ ಐದು ವಾರ. ಈ ಸಲವೂ ಕರೆದುಕೊಂಡು ಹೋದದ್ದು ದೊಡ್ಡಣ್ಣನೇ. ಅಕ್ಕನ ಫೋನನ್ನು ದೊಡ್ಡಣ್ಣ ಎತ್ತುತ್ತಿರಲಿಲ್ಲ. ಅವಳು ಕಳಿಸಿದ ಕ್ಷಮೆಯ ಸಂದೇಶಕ್ಕೆ "ಆಯ್ತು" ಎಂದಷ್ಟೇ ಉತ್ತರ ಬಂತು.

ಆರನೆಯ ವಾರ ಅಕ್ಕ ತಮ್ಮನನ್ನು ನೋಡಲು ಹೋದಳು. ಕಂಪನಿಯವರು ಅವನನ್ನು ಪೂರ್ತಿ ತೆಗೆದಿರಲಿಲ್ಲ. ಲಿಫ್ಟಿನ ಕೆಲಸದಿಂದ ಬಿಡಿಸಿ ಸ್ಟೋರಿಗೆ ಹಾಕಿದ್ದರು. ನೆಲಮಾಳಿಗೆಯಲ್ಲಿ ಉದ್ದನೆಯ ಕೋಣೆ, ಎರಡೂ ಕಡೆ ಕಬ್ಬಿಣದ ಕಪಾಟು, ಗ್ರೀಸಿನ ವಾಸನೆ. ಅವನು ಲಿಫ್ಟಿನ ಬಾಗಿಲಿನ ರೋಲರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸವೆದವನ್ನು, ಸವೆಯದವನ್ನು ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದ. ತೂಕ ಇಳಿದಿತ್ತು. ಅವಳಿಗೆ ಸ್ಟೂಲು ಒರೆಸಿ ಕೊಟ್ಟ.

"ನಿನಗೊಂದು ವಿಷಯ ಹೇಳ್ಬೇಕು," ಎಂದಳು ಅಕ್ಕ. ದಾರಿಯುದ್ದಕ್ಕೂ ಆ ಮಾತನ್ನು ಜೋಡಿಸಿಕೊಂಡು ಬಂದಿದ್ದಳು. "ಅವತ್ತು ಜಗ್ಗಿಗೆ..."

"ಅಮ್ಮ," ಎಂದ ತಮ್ಮ. "ಗೊತ್ತು. ಜಗ್ಗಿಗಲ್ಲ, ಗ್ಲಾಸಿಗೆ ಹಾಕಿದ್ಲು. ನನ್ನ ಕಣ್ಣ ಮುಂದೇನೇ, ಕಿಟಕಿ ಕಡೆ ತಿರುಗಿ. ಅವಳ ಮೊಣಕೈ ಆಡಿದ್ದು ಕಾಣಿಸ್ತು."

"ಗೊತ್ತಿದ್ದೂ ಕುಡಿದ್ಯಾ?"

ಅವನು ಒಂದು ರೋಲರನ್ನು ಬೆಳಕಿಗೆ ಹಿಡಿದು ತಿರುಗಿಸಿದ. "ಗ್ಲಾಸು ಕೊಟ್ಟು ನನ್ನ ಮುಖ ನೋಡ್ತಾ ನಿಂತಿದ್ಲು. ಮುಂಚೆ ನೋಡ್ತಿದ್ಲಲ್ಲ, ಹಾಗೆ. ಈ ಹದಿನಾಲ್ಕು ತಿಂಗಳು ಎಲ್ಲರೂ ನನ್ನ ಕಣ್ಣು ಕೆಂಪಾಗಿದೆಯಾ ಅಂತ ನೋಡ್ತಿದ್ರು, ಕೈ ನಡುಗ್ತಾ ಇದೆಯಾ ಅಂತ ನೋಡ್ತಿದ್ರು. ಅವಳೊಬ್ಬಳು ನನ್ನನ್ನ ನೋಡಿ ಖುಷಿಪಟ್ಟಳು. ಬೇಡ ಅನ್ನೋಕೆ ಆಗ್ಲಿಲ್ಲ ಅಕ್ಕಾ."

"ನಿನ್ನ ಹೆಂಡತಿಗೆ ನಾನು ಹೇಳ್ತೀನಿ. ನಿನ್ನ ತಪ್ಪಿಲ್ಲ ಅಂತ."

"ಆಮೇಲೆ ಬಾರಿನ ಮೇಜಿಂದ ಎತ್ತಿದ್ದು ನಾನೇ. ಅದನ್ನೂ ಹೇಳು ಹಾಗಾದ್ರೆ."

ಅವಳು ಹೇಳಿದಳು, ಅವತ್ತು ಸಂಜೆಯೇ. ಲ್ಯಾಬಿನ ಬಾಗಿಲ ಬಳಿ ಕಾದು ನಿಂತು, ಹೊರಬಂದವಳನ್ನು ತಡೆದು, ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು. ತಮ್ಮನ ಹೆಂಡತಿ ಪೂರ್ತಿ ಕೇಳಿದಳು. ಕೈಗೆ ಹಚ್ಚಿಕೊಂಡಿದ್ದ ಔಷಧದ ಸೋಪಿನ ವಾಸನೆ ಅವಳಿಂದ ಬರುತ್ತಿತ್ತು.

"ನಿಮ್ಮ ತಮ್ಮನೇ ಹೇಳಿದಾರೆ ಅಕ್ಕಾ. ಅತ್ತೆ ಮೇಲೆ ನಂಗೆ ಸಿಟ್ಟಿಲ್ಲ. ಅವರಿಗೆ ಏನು ಗೊತ್ತಿತ್ತು? ಯಾರೂ ಹೇಳಿರಲಿಲ್ಲ." ಅವಳು ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. "ನಿಮ್ಮ ತಮ್ಮ ಬಾರಿನ ಮೇಜಿಂದ ಎತ್ತಿ ಕುಡಿದ್ರಲ್ಲ, ನಾನು ಅಡುಗೆಮನೆ ಕಿಂಡಿಯಿಂದ ನೋಡ್ತಿದ್ದೆ. ಎಣ್ಣೆ ಕಾದಿತ್ತು, ಒಲೆ ಆರಿಸಿ ಬರೋಷ್ಟರಲ್ಲಿ ಚಪ್ಪಾಳೆ ಕೇಳಿಸ್ತು. ಮಿಕ್ಕವರು ತಟ್ಟಲಿ, ಅವರಿಗೇನು. ನೀವೂ ತಟ್ಟಿದ್ರಿ. ನಿಮಗೆ ಎಲ್ಲ ಗೊತ್ತಿತ್ತು."

"ಅದು ರಮ್ಮು ಅಂತ ನಂಗೆ..."

"ಬಾರಿನ ಮೇಜಲ್ಲಿ ಇನ್ನೇನಿತ್ತು ಅಕ್ಕಾ?"

ಅವನು ಆ ಗ್ಲಾಸು ಎತ್ತಿದ್ದನ್ನು ಅಕ್ಕ ನೋಡಿದ್ದಳು. ನೋಡಿಯೂ, ಆ ಕೋಟು ಅವನ ಮೈಮೇಲೆ ಎಷ್ಟು ಚೆನ್ನಾಗಿ ಕೂತಿದೆ ಎಂದು ಯೋಚಿಸುತ್ತಿದ್ದಳು.

ತಮ್ಮನ ಹೆಂಡತಿ ವಾಪಸು ಬರಲಿಲ್ಲ. ಬಿಟ್ಟುಬಿಡುವ ಮಾತನ್ನೂ ಆಡಲಿಲ್ಲ. ಒಂದು ವರ್ಷ ನೋಡ್ತೀನಿ ಎಂದಳಂತೆ. ಸ್ಟೋರಿನ ಹತ್ತಿರವೇ ತಮ್ಮ ಒಂದು ಕೋಣೆ ಹಿಡಿದ. ದೊಡ್ಡಣ್ಣ ಅವನ ಕೋಣೆಗೆ ಹೋಗುತ್ತಾನೆ, ಅಕ್ಕನ ಮನೆಗೆ ಬರುವುದಿಲ್ಲ. ಕರೆದರೆ, "ಕೆಲಸ ಇದೆ," ಎನ್ನುತ್ತಾನೆ. ಬೇರೆ ಎಲ್ಲರ ಮನೆಗೂ ಹೋಗಲು ಅವನಿಗೆ ಬಿಡುವಿರುತ್ತದೆ.

ಅಮ್ಮ ಅಕ್ಕನ ಜೊತೆಯಲ್ಲೇ ಇದ್ದಾಳೆ. ಒಂದೇ ಮೇಜಿನಲ್ಲಿ ಊಟ, ಒಂದೇ ಟೀವಿ. "ಉಪ್ಪು ಕೊಡು," "ಮಾತ್ರೆ ತಗೊಂಡ್ಯಾ," ಇಷ್ಟೇ ಮಾತು. ನಡುವೆ ಗಂಡ ಏನಾದರೂ ಜೋಕು ಹೇಳಿ, ಯಾರೂ ನಗದಿದ್ದಾಗ ತಾನೇ ನಕ್ಕು ಸುಮ್ಮನಾಗುತ್ತಾನೆ.

ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ತಮ್ಮ ಅಮ್ಮನಿಗೆ ಫೋನ್ ಮಾಡುತ್ತಾನೆ. ಅಮ್ಮ ಒಂಬತ್ತೂವರೆಗೇ ತಲೆ ಬಾಚಿಕೊಂಡು ಕೂತಿರುತ್ತಾಳೆ. ಮಾತು ಎರಡು ನಿಮಿಷದ್ದು. ಊಟ ಆಯ್ತಾ, ಮಂಡಿನೋವು ಹೇಗಿದೆ, ಸರಿ ಇಡ್ತೀನಿ. ಮೊನ್ನೆ ಫೋನಿಟ್ಟ ಮೇಲೆ ಅಮ್ಮ ಬಹಳ ಹೊತ್ತು ಅದನ್ನು ಮಡಿಲಲ್ಲೇ ಹಿಡಿದು ಕೂತಿದ್ದಳು. ಅಕ್ಕ ಎದುರಿಗೆ ಬಟ್ಟೆ ಮಡಿಸುತ್ತಿದ್ದಳು.

"ಅವನಿಗೆ ನನ್ನ ಮೇಲೆ ಕೋಪವೇನೇ?"

ಅಷ್ಟು ದಿನಗಳಲ್ಲಿ ಉಪ್ಪು, ಮಾತ್ರೆ ಬಿಟ್ಟು ಅಮ್ಮ ತಾನಾಗಿ ಆಡಿದ ಮೊದಲ ಮಾತು ಅದು. ಅಕ್ಕನ ಬಾಯಿಗೆ ಬಹಳಷ್ಟು ಬಂತು. ಮೊಣಕೈ ಆಡಿದ್ದು ಅವನಿಗೆ ಕಂಡಿತ್ತು ಎನ್ನಬಹುದಿತ್ತು. ನಿನ್ನ ಮುಖ ನೋಡಿಯೇ ಕುಡಿದನಂತೆ ಎನ್ನಬಹುದಿತ್ತು. ಹಾಗೆ ಹೇಳಿದರೆ ಅಮ್ಮ ಅಳುತ್ತಾಳೋ, ಒಳಗೊಳಗೇ ಹಿಗ್ಗುತ್ತಾಳೋ ಎಂಬುದು ಅವಳಿಗೆ ತಿಳಿಯಲಿಲ್ಲ. ಎರಡನೆಯದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ.

"ಇಲ್ಲಮ್ಮ," ಎಂದಳು.

"ಮತ್ಯಾಕೆ ಮಾತೇ ಆಡಲ್ಲ?"

ಅಕ್ಕ ದಿಂಬಿನ ಚೀಲದ ನಾಲ್ಕೂ ಮೂಲೆ ಸರಿಮಾಡಿ ಮಡಿಸಿ, ಮಡಿಸಿದ ಬಟ್ಟೆಗಳ ರಾಶಿಯನ್ನು ಎತ್ತಿಕೊಂಡು ಒಳಗೆ ಹೋದಳು.